ಒಸಡಿನ ಕೆಳಗೆ ನೋಡಲು ಕಲಿಸಿದವರು

ಪಶುವೈದ್ಯಕೀಯದಲ್ಲಿ ಮೂಳೆ ಕೂಡಿಸಿದವರಿಗೆ, ಹೆರಿಗೆ ಮಾಡಿಸಿದವರಿಗೆ ಸಿಗುವ ಹೆಸರು ನಾಯಿಯ ಹಲ್ಲು ನೋಡಿದವರಿಗೆ ಸಿಗುವುದಿಲ್ಲ. ಎಲ್ಲರೂ ಕಡೆಗಣಿಸಿದ ಆ ಕೆಲಸವನ್ನೇ ಮೂವತ್ತೊಂದು ವರ್ಷ ತಲೆಯ ಮೇಲೆ ಹೊತ್ತು, ಆಸ್ಪತ್ರೆಯ ಹಳೆಯ ಉಗ್ರಾಣವೊಂದನ್ನು ದಂತ ವಿಭಾಗವಾಗಿಸಿದ ನಮ್ಮ ಹಿರಿಯ ವೈದ್ಯೆ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಎಲ್ಲರೂ ಅವರನ್ನು ‘ಹಲ್ಲಿನಮ್ಮ’ ಎನ್ನುತ್ತಾರೆ. ಎದುರಿಗೆ ಅನ್ನುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ಕುಂಟುತ್ತ ಬಂದ ನಾಯಿಯಾದರೂ ಸರಿ, ಚುಚ್ಚುಮದ್ದಿಗೆ ಬಂದದ್ದಾದರೂ ಸರಿ, ಅವರು ಮೊದಲು ತುಟಿ ಎತ್ತಿ ನೋಡುತ್ತಿದ್ದರು. ಮನೆಯವರಿಗೆ ಹಲ್ಲುಜ್ಜುವುದನ್ನು ಕಲಿಸುವಾಗ ಅವರಿಗೆ ಆತುರವೆಂಬುದೇ ಇರಲಿಲ್ಲ. ಮೊದಲ ವಾರ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಸವರುವುದಷ್ಟೇ. ನಾಯಿ ಒಪ್ಪಿದ ಮೇಲೆ ಮೆದು ಬ್ರಷ್ಷು. ಮನುಷ್ಯರ ಪೇಸ್ಟನ್ನಂತೂ ಹಚ್ಚಲೇಕೂಡದು, ನಾಯಿಗೆ ಉಗುಳಲು ಬರುವುದಿಲ್ಲ. ದಿನಕ್ಕೆ ಹತ್ತು ಬಾರಿ ಇದನ್ನು ಹೇಳಿದರೂ ಮೊದಲನೆಯವರಿಗೆ ಸಿಕ್ಕ ತಾಳ್ಮೆಯೇ ಹತ್ತನೆಯವರಿಗೂ ಸಿಗುತ್ತಿತ್ತು. ನಮ್ಮಂಥ ಕಿರಿಯರ ಪಾಲಿಗೆ ಅದು ಕೊಂಚ ಕಡಿಮೆ.

ನಾನು ಸೇರಿದ ಮೊದಲ ವರ್ಷ, ದರ್ಜಿಯೊಬ್ಬರ ಮುದಿ ನಾಯಿಯ ಹಲ್ಲಿಗೆ ಗಟ್ಟಿಕಟ್ಟಿದ್ದ ಹಳದಿ ಪಾಚಿಯನ್ನೆಲ್ಲ ಕೆರೆದು, ಬೀಗುತ್ತ ಮನೆಗೆ ಕಳುಹಿಸಿದೆ. ಹತ್ತೇ ದಿನಕ್ಕೆ ಅದು ಕೆನ್ನೆ ಊದಿಸಿಕೊಂಡು, ಊಟ ಬಿಟ್ಟು ಮರಳಿತು. ಒಸಡಿನ ಒಳಗೆ ನಾನು ನೋಡಿಯೇ ಇರಲಿಲ್ಲ. ಅಲ್ಲಿ ಕೀವು ತುಂಬಿತ್ತು. ಅರಿವಳಿಕೆ ಕೊಟ್ಟು ಎರಡು ದವಡೆಹಲ್ಲು ಕೀಳಬೇಕಾಯಿತು. ಇದು ಯಾರ ತಪ್ಪು ಎಂದು ದರ್ಜಿ ಕೇಳಿದರು.

"ತಪ್ಪು ನಂದು. ಕಳಿಸೋಕೆ ಮುಂಚೆ ನಾನು ನೋಡ್ಬೇಕಿತ್ತು" ಎಂದರು ನಮ್ಮ ಹಿರಿಯ ವೈದ್ಯೆ. ದರ್ಜಿ ಹೋದ ಮೇಲೆ ನನಗೆ ಹೇಳಿದ್ದು ಇಷ್ಟೇ: "ಬೆಳ್ಳಗಾಯ್ತು ಅಂದ್ರೆ ಕೆಲಸ ಮುಗೀತು ಅಂತಲ್ಲಮ್ಮ. ಒಸಡಿನ ಕೆಳಗೆ ನೋಡು."

ಮೂರು ವರ್ಷ ಅವರ ಪಕ್ಕದಲ್ಲಿ ನಿಂತೆ. ಆಮೇಲೆ ಬಡ್ತಿ ಬಂತು, ಜೊತೆಗೆ ದೂರದ ಊರಿಗೆ ವರ್ಗವೂ. ಅಲ್ಲಿ ಹೊಸ ಕಟ್ಟಡ, ಹೊಸ ಯಂತ್ರ ಎಲ್ಲ ಇದ್ದವು. ಅನುಮಾನ ಬಂದು ತಿರುಗಿ ನೋಡಿದರೆ ಅವರು ಮಾತ್ರ ಇರುತ್ತಿರಲಿಲ್ಲ. ಕಿಟಕಿಯಿಲ್ಲದ ಆ ಕೋಣೆಗೆ, ನೀರಲ್ಲಿ ಕುದಿಯುವ ಉಪಕರಣಗಳ ಸದ್ದಿಗೆ, ಮೂಗಿನ ತುದಿಗೆ ಜಾರಿದ ಅವರ ಕನ್ನಡಕಕ್ಕೆ ನನ್ನ ಜೀವ ಹಂಬಲಿಸುತ್ತಿತ್ತು. ಒಂಬತ್ತು ವರ್ಷ, ವರ್ಷಕ್ಕೊಂದರಂತೆ, ಆ ಹಳೆಯ ಆಸ್ಪತ್ರೆಗೇ ವರ್ಗ ಕೇಳಿ ಅರ್ಜಿ ಹಾಕಿದೆ. ಪ್ರತಿ ಸಲವೂ ಜಾಗ ಖಾಲಿ ಇಲ್ಲವೆಂದೇ ಉತ್ತರ.

ಕಳೆದ ತಿಂಗಳು ವರ್ಗದ ಆದೇಶ ಬಂತು. ಅವರಿಗೂ ವಯಸ್ಸಾಗುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ. ಕುಣಿದಾಡುತ್ತ ಫೋನ್ ಮಾಡಿ, ಕೊನೆಗೂ ಜಾಗ ಸಿಕ್ಕಿತೆಂದೆ. ಅವರು "ಗೊತ್ತು ಕಣಮ್ಮ. ಅದು ನನ್ನದೇ ಜಾಗ" ಎಂದರು.

ಅವರು ನೂರು ವರ್ಷ ಬಾಳಲಿ. ಮನೆಯಲ್ಲಿ ಸುಮ್ಮನೆ ಕೂರುವ ಜೀವ ಅದಲ್ಲ. ಬೀದಿಯ ನಾಯಿಗಳ ಬಾಯಿಯನ್ನಾದರೂ ನೋಡುತ್ತಿರಲಿ. ಬರುವ ಒಂದನೇ ತಾರೀಖು, ಹಾಜರಿ ಪುಸ್ತಕದಲ್ಲಿ ಅವರು ಸಹಿ ಹಾಕುತ್ತಿದ್ದ ಸಾಲಿನಲ್ಲಿ ನಾನು ಸಹಿ ಹಾಕುತ್ತೇನೆ. ನಾನು ಒಂಬತ್ತು ವರ್ಷ ಕೇಳಿದ್ದು ಅದರ ಕೆಳಗಿನ ಸಾಲನ್ನು.