ಗೋಣಿಬೀಡಿನ ಹೋಟೆಲಿಗೆ ಬೆಳಕು ಬಂದದ್ದು

ಗೋಣಿಬೀಡಿನ ಬಸವರಾಜಪ್ಪನವರಿಗೆ ಅರವತ್ತು ಹತ್ತಿರವಾದಾಗ ತಮ್ಮ ಹೋಟೆಲು ಕತ್ತಲೆ ಎಂಬ ಜ್ಞಾನೋದಯವಾಯಿತು. ಅಲ್ಲಿಯವರೆಗೆ ಇದು ಯಾರಿಗೂ ಗೊತ್ತಿರಲಿಲ್ಲ. ತಗ್ಗಾದ ಹೆಂಚಿನ ಮಾಡು, ಹೊಗೆ ಹಿಡಿದ ಗೋಡೆ, ಮೊಣಕೈಗೆ ಮೊಣಕೈ ತಾಗುವ ಬೆಂಚು. ಕಾಫಿಗೆಂದು ಬಂದವರು ಬಸ್ಸು ತಪ್ಪಿಸಿಕೊಂಡು, ಪಕ್ಕದವರ ಸಂಸಾರವನ್ನೆಲ್ಲ ತಿಳಿದುಕೊಂಡೇ ಏಳುತ್ತಿದ್ದರು.

ಅವರ ಅಕ್ಕನ ಮಗ ಬಸವಪ್ರಸಾದ್ ಚಿಕ್ಕಮಗಳೂರಿನಲ್ಲಿ ಕಟ್ಟಡಗಳ ನಕ್ಷೆ ಮಾಡುತ್ತಿದ್ದ.

"ಮಾವ, ಜಾಗ ಅಂದ್ರೆ ಒಂದು ಅನುಭವ. ಒಳಗೆ ಬಂದ ಕೂಡ್ಲೇ ಮನಸ್ಸು ಬದಲಾಗ್ಬೇಕು" ಅಂದ.

"ಇಲ್ಲಿಗೆ ಬರೋರು ಕಡುಬು ತಿನ್ನಕ್ಕೆ ಬರೋದು" ಅಂದರು ಹೆಂಡತಿ ರುದ್ರಾಣಿ. ಕಲೆಯ ವಿಷಯದಲ್ಲಿ ಅವರ ಅಭಿಪ್ರಾಯ ಕೇಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಹಳೆಯದನ್ನು ಕೆಡವಿ, ಬೇಸಿಗೆಯಲ್ಲಿ ಸೋದರಳಿಯನ ನಕ್ಷೆಯಂತೆ ಹೊಸ ಹೋಟೆಲು ತೆರೆಯಿತು. ಎರಡಾಳೆತ್ತರದ ಚಾವಣಿ, ಬಿಳಿ ಟೈಲ್ಸ್, ಮುಂಭಾಗಕ್ಕೆಲ್ಲ ಗಾಜು, ನೆರಳು ಬೀಳಲು ನಾಚುವಷ್ಟು ಬೆಳಕು. ಮನಸ್ಸು ಬದಲಾಗದೆ ಇರಲಿಲ್ಲ. ಬಂದವರು ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಗೋಡೆಗುಂಟ ಸಾಲಾಗಿ ಕೈಕಟ್ಟಿ ಕೂತರು. ತೋಟದ ಕೆಲಸ ಮುಗಿಸಿ ಬಂದ ಗಿಡ್ಡಮ್ಮ ಗಲ್ಲಾದ ಹತ್ತಿರ ಬಗ್ಗಿ, "ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ?" ಎಂದು ಮೆಲ್ಲಗೆ ಕೇಳಿದರು.

ಇದನ್ನಾದರೂ ಸಹಿಸಬಹುದಿತ್ತು. ಆದರೆ ಹೊಸ ಚಾವಣಿಗೆ ಗುಟ್ಟು ಉಳಿಸಿಕೊಳ್ಳುವ ಶಕ್ತಿಯಿರಲಿಲ್ಲ. ಮೂಲೆಯ ಪಿಸುಮಾತು ಟೈಲ್ಸಿಗೆ ಬಡಿದು ಇಡೀ ಹೋಟೆಲು ಸುತ್ತುತ್ತಿತ್ತು. ಮೆಕ್ಯಾನಿಕ್ ಜಾವೇದ್ ಗೆಳೆಯನ ಕಿವಿಯಲ್ಲಿ, "ಚಟ್ನಿ ಮುಂಚಿನ ಹಾಗಿಲ್ಲ ಮಾರಾಯ" ಅಂದ.

"ಚಟ್ನಿ ಅದೇ. ನಿನ್ ನಾಲಿಗೆ ನೋಡ್ಕೊ" ಎಂದು ಅಡುಗೆಮನೆಯಿಂದ ರುದ್ರಾಣಿಯವರ ಉತ್ತರ ಬಂತು.

ಅಂದಿನಿಂದ ಊರಿನವರು ಮೌನವ್ರತದಲ್ಲಿ ತಿಂದು ಎದ್ದುಹೋಗತೊಡಗಿದರು. ಆಮೇಲೆ ಬರುವುದನ್ನೂ ಕಡಿಮೆ ಮಾಡಿದರು. ಥಳಥಳಿಸುವ ಹೋಟೆಲಿನಲ್ಲಿ ಒಬ್ಬರೇ ಕೂತು, ತಮ್ಮದೇ ಕೆಮ್ಮನ್ನು ಎರಡೆರಡು ಸಲ ಕೇಳುವ ಭಾಗ್ಯ ಬಸವರಾಜಪ್ಪನವರದಾಯಿತು. ಯಾರ ಮನೆಯಲ್ಲಿ ಏನಾಯಿತೆಂದು ತಿಳಿಯದೆ ಅವರಿಗೆ ಊಟವೇ ಸೇರದಾಯಿತು.

ಜುಲೈ ಮಳೆಗೆ ಬಟ್ಟೆ ಒಣಗುವುದು ನಿಂತಾಗ ರುದ್ರಾಣಿಯವರು ಹೋಟೆಲಿನ ಉದ್ದಗಲಕ್ಕೂ ಹಗ್ಗ ಕಟ್ಟಿ ಕಂಬಳಿ, ರಗ್ಗು, ಹೊದಿಕೆಗಳನ್ನೆಲ್ಲ ಇಳಿಬಿಟ್ಟರು.

"ಗಿರಾಕಿಗಳು ಏನಂದ್ಕೊಳ್ತಾರೆ?" ಗಂಡ ತಲೆ ಮೇಲೆ ಕೈಯಿಟ್ಟುಕೊಂಡರು.

"ಯಾವ ಗಿರಾಕಿಗಳು?"

ಆ ಮಧ್ಯಾಹ್ನ ಮಳೆಗೆ ಹೆದರಿ ಒಳನುಗ್ಗಿದವರು ಕಂಬಳಿಗಳ ಮರೆಯಲ್ಲಿ ಕೂತರು. ಬೆಳಕು ಮಂಕಾಗಿತ್ತು, ಮಾತು ಮೇಜು ದಾಟುತ್ತಿರಲಿಲ್ಲ. ಜಾವೇದ್ ಇನ್ನೊಂದು ಕಾಫಿ ಹೇಳಿದ. ಗಿಡ್ಡಮ್ಮ ಸೊಸೆಯ ವಿಷಯ ತೆಗೆದರು. ಕೇಳಿಸುತ್ತಿಲ್ಲವೆಂದು ಬಸವರಾಜಪ್ಪನವರು ಲೋಟ ಹಿಡಿದು, ಗಲ್ಲಾ ಬಿಟ್ಟು, ಆ ಮೇಜಿಗೇ ಹೋಗಿ ಕೂತರು.

ಕಂಬಳಿಗಳು ಇನ್ನೂ ಇಳಿದಿಲ್ಲ. ಮೊನ್ನೆ ಬಂದಿದ್ದ ಬಸವಪ್ರಸಾದ್ ಅವುಗಳ ಫೋಟೊ ಹೊಡೆದು, ತನ್ನ ವಿನ್ಯಾಸವೆಂದು ಇನ್‌ಸ್ಟಾಗ್ರಾಮಿಗೆ ಹಾಕಿಕೊಂಡ. ಗಂಡ ಅದನ್ನು ಹೆಮ್ಮೆಯಿಂದ ತೋರಿಸಿದಾಗ ರುದ್ರಾಣಿಯವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಆ ಕೆಂಪು ಕಂಬಳಿ ಹರಿದಿದೆ" ಅಂದರು. "ಮಡಚಿ ಹಾಕಿದ್ರೆ ಕಾಣ್ತಿರ್ಲಿಲ್ಲ."