ವಾಚ್‌ಮನ್ ಬೂಟಿನ ಸ್ಪೀಡು

ನಾನೇಳೋದ್ನ ನೀವು ನಂಬಲ್ಲ, ಬೇಕಾದ್ರೆ ಬರ್ಕೊಡ್ತೀನಿ. ಮೈಸೂರು ಮೈನ್ಸ್‌ನಾಗೆ ಚಿನ್ನದ ಗಣಿ ಕೂಲಿಗಳಿರೋ ಲೈನಿನ ಬೀದಿ. ಎರಡೂ ಕಡೆ ತಟ್ಟಿ ಮನೆ, ಮನೆ ಮುಂದೆ ನಲ್ಲಿಗೆ ಪಾಳಿ ಇಟ್ಟ ಕೊಡಗಳ ಸಾಲು. ಆ ಬೀದಿನಾಗೆ ಧೂಳೆಬ್ಬಿಸ್ತಿದ್ದಿದ್ದು ಒಂದೇ ಗಾಡಿ, ಗಣಿ ನಡೆಸೋ ಬಿಳಿ ದೊರೆ ಮೋಟಾರು. ಒಂದಿನ ಅದು ಮೂರು ಕೊಡ, ಒಂದು ಕೋಳಿನ ಚಟ್ನಿ ಮಾಡ್ತು. ಅದಕ್ಕೆ ಆಫೀಸ್ನೋರು ಕಾಯ್ದೆ ತಂದ್ರು: ಇಲ್ಲಿ ಯಾವ ಗಾಡೀನೂ ನಡೆಯೋ ಮನುಷ್ಯನ್ಗಿಂತ ಜೋರಾಗಿ ಓಗಂಗಿಲ್ಲ.

ಅಳೆಯಾಕೆ ಒಬ್ಬ ವಾಚ್‌ಮನ್. ಗಾಡಿ ಪಕ್ಕ ನಡೀಬೇಕು, ಅವನು ಇಂದೆ ಬಿದ್ರೆ ಗಾಡಿ ಜಪ್ತಿ. ಆ ಮಹಾನುಭಾವನ ಕಾಲಿಗೆ ದೊರೆ ಬಿಸಾಕಿದ ಬೂಟು. ಒಂದೊಂದ್ರಾಗೂ ಒಂದು ಕೋಳಿ ಕಾವಿಗೆ ಕೂರ್ಬೋದು. ಚಿಂದಿ ತುರುಕ್ಕೊಂಡು ಎತ್ತೆತ್ತಿ ಇಡೋನು. ಅವನ ಪಕ್ಕ ಗಬ್ಬದ ಎಮ್ಮೆನೂ ರೇಸ್ ಕುದುರೆನೇ. ನಾಲ್ಕು ದಿನದಾಗೆ ಸೌದೆ ಗಾಡಿಗಳ್ನೆಲ್ಲಾ ಇಡ್ದಾಕ್ದ. ದೊರೆ ಮೋಟಾರು ಬಂದ್ರೆ ಮಾತ್ರ ಸಲ್ಯೂಟ್ ಒಡ್ಕೊಂಡು ನಿಂತ್ಬಿಡೋನು. ನಿಂತೋನು ಏನಳೀತಾನೆ?

ನಾನು ಬೇತಮಂಗಲದ ಕಡೆಯಿಂದ ದಿನಾ ಸೈಕಲ್ನಾಗೆ ಕ್ಯಾನು ಕಟ್ಕೊಂಡು ಎಮ್ಮೆ ಆಲು ತರ್ತಿದ್ದೆ. ಆ ಸೈಕಲ್ಗೆ ಒಂದು ವರ್ಷ ಅಪ್ಪನ ಇಂದೆ ಅತ್ತಿದ್ದೀನಿ. ಒಂದಿನ ಆಲು ತಡ ಆದ್ರೂ ಸೈಕಲ್ ಕಿತ್ಕೊಂತೀನಿ ಅಂತ ಏಳೇ ಅಪ್ಪ ಕೊಡ್ಸಿದ್ದ.

ಒಂದಿನ ಲೈನಿಗೆ ನುಗ್ತಿದ್ದಂಗೆ ವಾಚ್‌ಮನ್ ಪಕ್ಕಕ್ಕೆ ಬಂದ. ನನ್ನಿಂದೆ ದೊರೆ ಮೋಟಾರು. ಬುದ್ಧಿ ಓಡ್ತು. ಮೋಟಾರಿಗೆ ದಾರಿ ಬಿಡ್ದಂಗೆ ಬೀದಿ ನಡುಮಧ್ಯಕ್ಕೆ ಬಂದೆ. ಬೂಟು ಎದ್ರೆ ಪೆಡಲ್ಲು, ಬೂಟು ಬಿದ್ರೆ ಬ್ರೇಕು. ಅವನು ಸಲ್ಯೂಟ್‌ಗೆ ನಿಂತ, ನಾನೂ ನಿಂತೆ. ಮೋಟಾರು ಆರನ್ ಒಡ್ದಿದ್ದೇ ಒಡ್ದಿದ್ದು. ದೊರೆ ಮೊದ್ಲೇ ಕೆಂಪು, ಈಗ ಬೀಟ್ರೂಟು. ಬೇಗ ತುಳೀಲಾ ಅಂತ ವಾಚ್‌ಮನ್ ಪಿಸುಗುಟ್ದ.

"ಕಾಯ್ದೆ ಅಣ್ಣಾ," ಅಂದೆ. "ಮೊದ್ಲು ನೀನು ನಡಿ."

ನಲ್ಲಿ ಅತ್ರ ಎಂಗಸ್ರು ಕೊಡ ಮರ್ತು ನಕ್ರು. ಒಬ್ಬಕ್ಕ ಬೂಟಿಗೆ ಆರತಿ ಎತ್ತೋಣ ಅಂತ ತಮಿಳ್ನಾಗೆ ಅಂದ್ಲು. ಬೀದಿ ಮುಗಿಯೋ ಒತ್ಗೆ ನಂಗೆ ಮೀಸೆ ಬಂದಿತ್ತು, ಬಿಸಿಲಿಗೆ ಕ್ಯಾನ್ನಾಗಿನ ಆಲು ಉಳಿಗಾಗಿತ್ತು.

ಇಂದ್ಗಡೆಯಿಂದ ಕ್ಯಾರಿಯರ್ ಮೇಲೆ ಒಂದು ಕೈ ಬಿತ್ತು. ಅಪ್ಪ. ಸಂತೆಗೆ ಬದ್ನೇಕಾಯಿ ಮೂಟೆ ಒತ್ಕೊಂಡು, ನಾನು ಬಿಟ್ಮೇಲೆ ಊರಿಂದ ಒಂಟು, ನಡ್ಕೊಂಡೇ ಬಂದು ನನ್ನ ಇಡ್ದಿದ್ದ. ಮುಚ್ಚಳ ತೆಗ್ದು ಮೂಸ್ದ.

"ನಡಿಯೋ ಸ್ಪೀಡ್ನಾಗೆ ಓಗೋನ್ಗೆ ಸೈಕಲ್ ಯಾಕ್ಲಾ?" ಅಂದ.

ಬದ್ನೇಕಾಯಿ ಮೂಟೆ ಸೈಕಲ್ ಏರ್ತು. ಕ್ಯಾನು ನನ್ನ ತಲೆ ಏರ್ತು.