ಡ್ರಮ್ಮಿಗೆ ಎಂಟು ಮೈಕು ಇಡುವ ನಾಗಣ್ಣ

ಬೆಳಗಿನ ಐದು ಗಂಟೆ. ತುಮಕೂರಿನ ಸತ್ಯಮಂಗಲ ಕೈಗಾರಿಕಾ ಪ್ರದೇಶದ ಹಳೆಯ ಗೋಡೌನೊಂದರಲ್ಲಿರುವ ತಮ್ಮ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಐವತ್ತಾರರ ನಾಗಭೂಷಣ್ ನೆಲಕ್ಕೆ ಮಂಡಿಯೂರಿದ್ದಾರೆ. ಎದುರಿಗೆ ಡ್ರಮ್ ಸೆಟ್ಟು, ಸುತ್ತ ಎಂಟು ಮೈಕು. ದೊಡ್ಡ ಡ್ರಮ್ಮಿನ ತೂತಿನೊಳಗೆ ಕೈಹಾಕಿ ಒಂದು ಮೈಕನ್ನು ಎರಡು ಬೆರಳು ಹಿಂದಕ್ಕೆಳೆಯುತ್ತಾರೆ. ಏಳುವಾಗ ಮಂಡಿ ಲಟಕ್ಕೆನ್ನುತ್ತದೆ. ಅದನ್ನೂ ರೆಕಾರ್ಡ್ ಮಾಡಿಕೊಳ್ಳಿ ಎಂದು ನಗಲು ನೋಡುತ್ತಾರೆ, ನಗು ಅರ್ಧಕ್ಕೇ ಆಕಳಿಕೆಯಾಗುತ್ತದೆ.

ಎಂಟಕ್ಕೆ ಪಕ್ಕದ ವರ್ಕ್‌ಶಾಪಿನ ಲೇತ್ ಮಷೀನು ಶುರುವಾಗುತ್ತದೆ. ಆಮೇಲೆ ಮೈಕುಗಳು ಡ್ರಮ್ಮಿಗಿಂತ ಕಬ್ಬಿಣದ ಮಾತನ್ನೇ ಚೆನ್ನಾಗಿ ಕೇಳುತ್ತವೆ. ಹಾಗಾಗಿ ಹತ್ತೊಂಬತ್ತು ವರ್ಷದಿಂದ ಮರಳೂರಿನ ಮನೆಯಲ್ಲಿ ನಾಲ್ಕಕ್ಕೇ ಅಲಾರಂ. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಗುಬ್ಬಿ, ಕುಣಿಗಲ್ ಕಡೆಯ ಆರ್ಕೆಸ್ಟ್ರಾಗಳಿಗೆ ಸೌಂಡ್ ಸಿಸ್ಟಮ್ ಹೊತ್ತು, ಆಳೆತ್ತರದ ಸ್ಪೀಕರುಗಳ ಪಕ್ಕದಲ್ಲೇ ನಿಂತವರು ಇವರು.

ಮೈಕ್ ಇಡುವುದೂ ಒಂದು ಕೆಲಸವೇ ಎನ್ನುವವರು ಒಂದು ಬೆಳಗ್ಗೆ ಇಲ್ಲಿ ಬಂದು ಕೂರಬೇಕು. ಮೇಲಿನಿಂದ ಇಣುಕುವ ಎರಡು ಮೈಕುಗಳಿಗೂ ನಡುವಿನ ಸ್ನೇರ್ ಡ್ರಮ್ಮು ಸಮದೂರದಲ್ಲಿರಬೇಕು. ಇಲ್ಲದಿದ್ದರೆ ಒಂದೇ ಏಟು ಒಂದಕ್ಕೆ ಮೊದಲು, ಇನ್ನೊಂದಕ್ಕೆ ತಡವಾಗಿ ತಲುಪಿ ಸದ್ದು ಜೊಳ್ಳಾಗುತ್ತದೆ. ನಾಗಭೂಷಣ್ ಗಾರೆಯವರ ದಾರ ಹಿಡಿದು ಅಳೆಯುತ್ತಾರೆ. "ದುಡ್ ಕೊಟ್ರೆ ಮೈಕ್ ಯಾರಿಗಾದ್ರೂ ಸಿಕ್ತದೆ. ಅದ್ರ ಮೂತಿ ಎಲ್ಲಿಗ್ ತಿರುಗ್ಸೋದು ಅನ್ನೋದೇ ಕೆಲ್ಸ."

ಆ ಕೆಲಸವೇ ಹೋದ ವರ್ಷ ಕೈಕೊಟ್ಟಿತು. ಕುಣಿಗಲ್ಲಿನ ಅಕ್ಷತಾ ಅವರು ಶಾಲೆಯಲ್ಲಿ ಲೆಕ್ಕದ ಟೀಚರು, ರಜೆಯಲ್ಲಿ ಡ್ರಮ್ಮರು. ತಮ್ಮ ಮೊದಲ ಹಾಡಿಗೆ ಇಲ್ಲಿ ನುಡಿಸಿದ್ದರು. ಸಿಂಬಲ್ಲಿನ, ಅಂದರೆ ಆ ಹಿತ್ತಾಳೆ ತಟ್ಟೆಗಳ, ಸದ್ದು ನಾಗಭೂಷಣರಿಗೆ ಮಂಕಾಗಿ ಕೇಳಿಸಿತು. ಮೈಕನ್ನು ಹತ್ತಿರ ತಂದರು, ಇನ್ನೂ ಹತ್ತಿರ ತಂದರು, ಸೌಂಡೂ ಏರಿಸಿದರು. ಮನೆಗೆ ಹೋಗಿ ಕೇಳಿದ ಅಕ್ಷತಾಗೆ ಕಿವಿಗೆ ಸೂಜಿ ಚುಚ್ಚಿದಂತಾಯಿತು. ಹೇಳಲು ಎರಡು ದಿನ ಹಿಂಜರಿದರಂತೆ. ನಾಗಭೂಷಣರ ಕಿವಿ ನೋಡಿದ ಡಾಕ್ಟರು, ಚೂಪು ಸದ್ದು ಕೇಳುವ ಶಕ್ತಿ ಆಗಲೇ ಹೋಗಿದೆ, ಉಳಿದದ್ದೂ ನಿಧಾನಕ್ಕೆ ಹೋಗಬಹುದು ಎಂದರು.

ಮುಚ್ಚಿಟ್ಟು ದಿನ ದೂಡಬಹುದಿತ್ತು. ನಾಗಭೂಷಣ್ ಬಂದವರಿಗೆಲ್ಲ ಮೊದಲೇ ಹೇಳತೊಡಗಿದರು. ಮೂರು ತಂಡಗಳು ಬೆಂಗಳೂರಿನ ದಾರಿ ಹಿಡಿದವು. ತಿಂಗಳಿಗೆ ಆರಿದ್ದ ರೆಕಾರ್ಡಿಂಗ್ ಎರಡಕ್ಕಿಳಿಯಿತು. ಕಿವಿಯನ್ನೇ ನಂಬಿ ಬದುಕಿದ ಮನುಷ್ಯನಿಗೆ ಹೀಗಾಗಬಾರದಿತ್ತು ಎಂದು ನನಗೆ ಸಂಕಟ. ಅವರು ಮಾತ್ರ ಸುಸ್ತಾಗಿದೆ ಎಂದಷ್ಟೇ ಹೇಳುತ್ತಾರೆ.

ಇವತ್ತು ಅದೇ ಹಾಡನ್ನು ಮತ್ತೆ ರೆಕಾರ್ಡ್ ಮಾಡಿಸಲು ಅಕ್ಷತಾ ಬಂದಿದ್ದಾರೆ. ನಾಗಭೂಷಣ್ ಹಿಡಿಯುವ ದೊಡ್ಡ ಡ್ರಮ್ಮಿನ ಸದ್ದು ಎದೆಗೆ ತಾಗುತ್ತದೆ, ಬೇರೆಲ್ಲೂ ಅದು ಸಿಗಲಿಲ್ಲ ಎನ್ನುತ್ತಾರೆ. ಸಿಂಬಲ್ಲಿನ ಸರದಿ ಬಂದಾಗ ನಾಗಭೂಷಣ್ ಹೆಡ್‌ಫೋನ್ ಕಳಚಿ ಅವರ ಕೈಗೆ ಕೊಡುತ್ತಾರೆ. ಇವರ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಮೈಕಿನ ಸ್ಟ್ಯಾಂಡು. ತಮಗೆ ಅರ್ಧಂಬರ್ಧ ಕೇಳಿಸುವ ತಟ್ಟೆಯನ್ನು ತಾವೇ ಬಾರಿಸುತ್ತಾರೆ. ಅಕ್ಷತಾ ಕೈ ಮೇಲೆತ್ತಿದರೆ ಮೈಕು ಮೇಲೆ, ಇಳಿಸಿದರೆ ಕೆಳಗೆ. ಮೂವತ್ಮೂರು ವರ್ಷದ ಅನುಭವಸ್ಥ ಹೀಗೆ ಶಿಷ್ಯನಂತೆ ನಿಲ್ಲುವುದು ಸುಲಭವಲ್ಲ.

ಮೂರನೇ ಸಲಕ್ಕೆ ಹಾಡು ಸರಿಯಾಗಿ ಬರುತ್ತದೆ. ಮುಂದಿನ ಆಸೆ ಏನು ಎಂದು ಕೇಳುತ್ತೇನೆ. "ಹೋಗೋದು ಹೋಗ್ತದೆ ಸಾರ್. ಅಷ್ಟ್ರೊಳ್ಗೆ ಈ ಹಾಡು ಕೆಡದಂಗೆ ಮುಗಿದ್ರೆ ಸಾಕು" ಎಂದವರು ಅಕ್ಷತಾ ಕಡೆ ತಿರುಗುತ್ತಾರೆ.

"ಚುಚ್ತಾ ಇಲ್ಲ ತಾನೆ?"

"ಇಲ್ಲ ಅಣ್ಣ. ತುಂಬ ಚೆನ್ನಾಗಿದೆ."

"ಹಂಗಾದ್ರೆ ನಂಗೂ ಕೇಳಿಸ್ತು ಬುಡಮ್ಮ."